ಕೊರಳ ನೊಗ ಮತ್ತು ಸಾಲದ ಪುಸ್ತಕ

ಕಳೆದ ರಮಝಾನಿನ ಒಂದು ಮಧ್ಯಾಹ್ನ ಶಿವಾಜಿನಗರದ ಮಸೀದಿಯೊಂದರಲ್ಲಿ ಝಕಾತಿನ ಕುರಿತ ಪ್ರವಚನ ಕೇಳುತ್ತಿದ್ದೆ. ಸೂರಃ ತೌಬಃದಲ್ಲಿ ಅಲ್ಲಾಹನು ನಿಶ್ಚಯಿಸಿರುವ ಎಂಟು ಬಾಬುಗಳನ್ನು ಪ್ರವಚನಕಾರರು ಒಂದೊಂದಾಗಿ ವಿವರಿಸುತ್ತ ಬಂದರು. ಐದನೆಯದಕ್ಕೆ ಬಂದಾಗ ಮಾತ್ರ ಮಾತು ಒಂದೇ ವಾಕ್ಯದಲ್ಲಿ ಮುಗಿಯಿತು: ಇದು ಗುಲಾಮರ ವಿಮೋಚನೆಗಾಗಿ ಇದ್ದ ಬಾಬು, ಈಗ ಗುಲಾಮರಿಲ್ಲ, ಮುಂದಕ್ಕೆ ಹೋಗೋಣ. ಸಭೆಯಲ್ಲಿ ಯಾರೂ ಹುಬ್ಬೇರಿಸಲಿಲ್ಲ. ನಾನೂ ಇಲ್ಲ.

ಅಂದು ಸಂಜೆ ಇಂದಿರಾನಗರದ ಬಂಧುಗಳ ಮನೆಯಲ್ಲಿ ಇಫ್ತಾರ್ ಇತ್ತು. ಖರ್ಜೂರ, ಸಮೋಸಗಳ ತಟ್ಟೆ ತಂದಿಟ್ಟವಳು ಹನ್ನೆರಡು ಹದಿಮೂರರ ಹುಡುಗಿ. ರಾಯಚೂರಿನ ಕಡೆಯವಳಂತೆ. ತಂದೆಯ ಆಸ್ಪತ್ರೆ ಖರ್ಚಿಗೆ ನಲವತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟು ಕರೆತಂದಿದ್ದಾರೆ. ಅದು ತೀರುವವರೆಗೆ ಇಲ್ಲೇ. "ಮಗಳ ಹಾಗೆಯೇ ನೋಡಿಕೊಳ್ಳುತ್ತೇವೆ, ಹಬ್ಬದ ಬಟ್ಟೆಯನ್ನೂ ನಮ್ಮ ಮಕ್ಕಳ ಜೊತೆಯಲ್ಲೇ ತಂದೆವು" ಎಂದರು ಮನೆಯೊಡತಿ. ಅದು ಸುಳ್ಳಲ್ಲ. ಆದರೆ ಆ ಮಕ್ಕಳು ಬೆಳಗಾದರೆ ಶಾಲೆಗೆ ಹೋಗುವವರು; ಅವಳು ಪಾತ್ರೆ ತೊಳೆಯುವವಳು. ಹಬ್ಬಕ್ಕೆ ಊರಿಗೆ ಹೋಗುತ್ತೀಯಾ ಮಗಳೇ ಎಂದು ಕೇಳಿದೆ. ಅವಳು ಉತ್ತರ ಕೊಡದೆ ಮನೆಯೊಡತಿಯ ಮುಖ ನೋಡಿದಳು. ನಾನು ಸಮೋಸ ತಿಂದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಪದವಿ ತರಗತಿಯಲ್ಲಿ ಇತಿಹಾಸ ಓದಿದವನು ನಾನು. ಲಿಂಕನ್ನರು ಯುದ್ಧ ಮಾಡಿ ಗುಲಾಮಗಿರಿಯನ್ನು ರದ್ದುಗೊಳಿಸಿದರು ಎಂಬ ಒಂದು ಸಾಲಿನಲ್ಲಿ ನಮ್ಮ ಪಠ್ಯ ಆ ವಿಷಯವನ್ನು ಮುಗಿಸುತ್ತಿತ್ತು. ಆ ರಾತ್ರಿ ತರಾವೀಹ್ ಮುಗಿಸಿ ಬಂದವನು ಅದನ್ನೇ ಮತ್ತೆ ಓದಲು ಕುಳಿತೆ. ಗುಲಾಮಗಿರಿ ನಿಜಕ್ಕೂ ಎಲ್ಲಿ, ಯಾವಾಗ ಮುಗಿಯಿತು ಎಂದು ತಿಳಿಯಬೇಕಿತ್ತು.

1860ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಸುಮಾರು 39.5 ಲಕ್ಷ ಗುಲಾಮರಿದ್ದರು. ಆ ದೇಶದ ರೈಲುಮಾರ್ಗ, ಕಾರ್ಖಾನೆಗಳಲ್ಲಿ ಹೂಡಿದ್ದ ಬಂಡವಾಳಕ್ಕಿಂತ ಈ ಮನುಷ್ಯರ ಮಾರುಕಟ್ಟೆ ಬೆಲೆಯೇ ಹೆಚ್ಚಾಗಿತ್ತು. ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹರಡಬಾರದೆಂದ ಲಿಂಕನ್ ಅದೇ ವರ್ಷ ಅಧ್ಯಕ್ಷರಾಗಿ ಆಯ್ಕೆಯಾದೊಡನೆ ದಕ್ಷಿಣದ ಏಳು ರಾಜ್ಯಗಳು ಒಕ್ಕೂಟ ತೊರೆದವು. ಯುದ್ಧ ಆರಂಭವಾದ ಮೇಲೆ ಇನ್ನೂ ನಾಲ್ಕು ಸೇರಿಕೊಂಡವು. ಅದು ರಾಜ್ಯಗಳ ಹಕ್ಕಿಗಾಗಿ ನಡೆದ ಹೋರಾಟವೆಂದು ಇಂದಿಗೂ ವಾದಿಸುವವರಿದ್ದಾರೆ. ಆದರೆ ತಪ್ಪಿಸಿಕೊಂಡ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ 1850ರ ಕೇಂದ್ರ ಕಾಯಿದೆಯನ್ನು ಉತ್ತರದ ರಾಜ್ಯಗಳ ಮೇಲೆ ಹೇರಿದಾಗ ಇದೇ ದಕ್ಷಿಣದವರಿಗೆ ರಾಜ್ಯಗಳ ಹಕ್ಕು ನೆನಪಾಗಲಿಲ್ಲ. ತಮ್ಮ ನಿಲುವು ಗುಲಾಮಗಿರಿಯೊಂದಿಗೇ ಬೆಸೆದುಕೊಂಡಿದೆ ಎಂದು ಮಿಸಿಸಿಪ್ಪಿ ರಾಜ್ಯವು ತನ್ನ ಘೋಷಣೆಯ ಆರಂಭದಲ್ಲೇ ಹೇಳಿಕೊಂಡಿತು.

1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಬಿದ್ದ ಗುಂಡಿನೊಂದಿಗೆ ಮೊದಲಾದ ಯುದ್ಧ ನಾಲ್ಕು ವರ್ಷ ನಡೆಯಿತು. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. 1863ರ ಜನವರಿ 1ರ ವಿಮೋಚನಾ ಘೋಷಣೆಯ ನಂತರ ಸುಮಾರು 1.8 ಲಕ್ಷ ಕಪ್ಪು ಜನರು ಒಕ್ಕೂಟದ ಸೇನೆಯಲ್ಲಿ ಹೋರಾಡಿದರು. ಅವರಲ್ಲಿ ಒಬ್ಬ ನಿಕೊಲಸ್ ಸಈದ್, ಬೊರ್ನುವಿನ ಮುಸ್ಲಿಂ ಮನೆಯಲ್ಲಿ ಮುಹಮ್ಮದ್ ಅಲಿಯಾಗಿ ಹುಟ್ಟಿದವನು. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಯುದ್ಧ ಮಾಡದ ಇನ್ನೊಬ್ಬರು. ಈಗಿನ ಸೆನೆಗಲ್ ಕಡೆಯ ಫೂತಾ ತೋರೊದ ವಿದ್ವಾಂಸ ಉಮರ್ ಇಬ್ನ್ ಸಈದ್ 1807ರಲ್ಲಿ ಸೆರೆಸಿಕ್ಕಿ ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಾಟವಾದರು. 1831ರಲ್ಲಿ ಅರಬಿಯಲ್ಲಿ ತಮ್ಮ ಬದುಕಿನ ಕಥೆ ಬರೆದರು. ಅದು ತೊಡಗುವುದು ಸೂರಃ ಮುಲ್ಕ್‌ನಿಂದ, ಸಕಲ ಒಡೆತನವೂ ಅಲ್ಲಾಹನದೆಂದು ಸಾರುವ ಅಧ್ಯಾಯದಿಂದ. ಒಡೆಯನ ಮನೆಯಲ್ಲಿ ಕುಳಿತು ಗುಲಾಮನೊಬ್ಬನು ಬರೆದ ಪುಸ್ತಕಕ್ಕೆ ಆ ಆರಂಭವನ್ನು ಆಯ್ದುಕೊಂಡದ್ದು ಯಾರಿಗೆ ಅರ್ಥವಾಗುವುದಿಲ್ಲ? ಯುದ್ಧ ನಡೆಯುತ್ತಿದ್ದಾಗಲೇ ಅವರು ಬಿಡುಗಡೆ ಕಾಣದೆ ತೀರಿಕೊಂಡರು.

ಆ ಯುದ್ಧದ ವರ್ಷಗಳಲ್ಲೇ, 1864ರಲ್ಲಿ, ಜೋಲಾರ್‌ಪೇಟೆಯಿಂದ ನಮ್ಮ ದಂಡು ನಿಲ್ದಾಣಕ್ಕೆ ಮೊದಲ ರೈಲು ಬಂತು. ದಂಡಿಗೂ ಆ ಯುದ್ಧಕ್ಕೂ ನೇರ ಸಂಬಂಧವಿರಲಿಲ್ಲ. ಕನ್ನಡ ನಾಡಿಗೆ ಇತ್ತು. ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ಗುಲಾಮರು ಬೆಳೆದದ್ದಾಗಿತ್ತು. ಲಿಂಕನ್ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಗಿರಣಿಯವರ ಕಣ್ಣು ಬಿದ್ದದ್ದು ಧಾರವಾಡ, ಹುಬ್ಬಳ್ಳಿ, ಗದಗಿನ ಕಪ್ಪು ಮಣ್ಣಿನ ಮೇಲೆ. ಅಲ್ಲಿ ಅಮೆರಿಕದ ಬೀಜದ ಹತ್ತಿಯನ್ನು 1840ರ ದಶಕದಲ್ಲೇ ಬಿತ್ತಿಸಲಾಗಿತ್ತು. ಹತ್ತಿಯ ಗಾಡಿಗಳು ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರಿದವು. ಮದರಾಸು ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕೆಂಬ ವರ್ತಕರ ಒತ್ತಾಯವಿತ್ತು.

ಬೆಲೆ ಏರಿದಾಗ ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು; ಮುಂಬಯಿಯಲ್ಲಿ ಕಂಪನಿಗಳು ಮುಳುಗಿದವು. ಹತ್ತಿ ನಾಡಿನ ರೈತನ ಕೈಯಲ್ಲಿ ಉಳಿದದ್ದು ಕಂದಾಯ ಮತ್ತು ಸಾಲಪತ್ರ. ಹತ್ತು ವರ್ಷಗಳ ನಂತರ ಪುಣೆ, ಅಹ್ಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿದಾಗ ಬಹುತೇಕ ಕಡೆ ಅವರು ಹುಡುಕಿ ಸುಟ್ಟದ್ದು ಆ ಪತ್ರಗಳನ್ನೇ.

ಅಮೆರಿಕದಲ್ಲೂ ಕಥೆ ಬೇರೆಯಾಗಲಿಲ್ಲ. ವಾಷಿಂಗ್ಟನ್ ನಗರದಲ್ಲಿ 1862ರಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದಾಗ ಸರಕಾರ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತು. ಕೊಟ್ಟದ್ದು ಒಡೆಯರಿಗೆ! 1865ರ ಜನವರಿಯಲ್ಲಿ ಸೇನಾಪತಿ ಶೆರ್ಮನ್ ಕರಾವಳಿಯ ಜಮೀನನ್ನು ನಲವತ್ತು ಎಕರೆಯವರೆಗಿನ ತುಂಡುಗಳಾಗಿ ಬಿಡುಗಡೆಯಾದ ಕುಟುಂಬಗಳಿಗೆ ಹಂಚಿದರು. ಲಿಂಕನ್ನರ ಹತ್ಯೆಯ ನಂತರ ಬಂದ ಅಧ್ಯಕ್ಷ ಜಾನ್ಸನ್ ಅದೇ ವರ್ಷ ಅದನ್ನು ಹಳೆಯ ಒಡೆಯರಿಗೆ ಮರಳಿಸಿದರು. ಡಿಸೆಂಬರ್‌ನಲ್ಲಿ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ನಿಷೇಧಿಸಿತು, ಅಪರಾಧಕ್ಕೆ ಶಿಕ್ಷೆಯಾದವರನ್ನು ಬಿಟ್ಟು. ಭೂಮಿಯಿಲ್ಲದವನು ಹಳೆಯ ಒಡೆಯನ ಹೊಲವನ್ನೇ ಪಾಲಿಗೆ ಮಾಡಿದ, ಅವನ ಅಂಗಡಿಯಲ್ಲೇ ಬೀಜ, ಜೋಳ ಕಡ ತಂದ, ವರ್ಷದ ಕೊನೆಗೆ ಲೆಕ್ಕ ನೋಡಿದರೆ ಇನ್ನಷ್ಟು ಬಾಕಿ. ಸಂಕೋಲೆ ಮುರಿದಿತ್ತು, ಆದರೆ ಸಾಲದ ಪುಸ್ತಕ ಹಾಗೆಯೇ ಇತ್ತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಜೀತ. 1843ರಲ್ಲಿ ಕಂಪನಿ ಸರಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿದ ಮೇಲೂ ಅದೇ ಜಾತಿಗಳ ಜನ ಅದೇ ಮನೆಗಳಲ್ಲಿ ಸಾಲದ ಹೆಸರಿನಲ್ಲಿ ದುಡಿದರು. ಜೀತ ಪದ್ಧತಿ ರದ್ದಿಯಾತಿ ಕಾಯಿದೆ ಬಂದದ್ದು 1976ರಲ್ಲಿ. ಕಾಲಿಗೆ ಸರಪಳಿ ಇರಬೇಕೆಂದು ಆ ಕಾಯಿದೆ ಹೇಳುವುದಿಲ್ಲ. ಮುಂಗಡ ಪಡೆದ ಕಾರಣಕ್ಕೆ ಒಬ್ಬರಿಗೆ ತಕ್ಕ ಕೂಲಿಯಾಗಲಿ, ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯವಾಗಲಿ, ಬೇಕಾದಲ್ಲಿ ಓಡಾಡುವ ಸ್ವಾತಂತ್ರ್ಯವಾಗಲಿ ಇಲ್ಲವಾದರೆ ಅದು ಜೀತವೇ. ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಮುಂಗಡಕ್ಕೆ ದುಡಿಯುತ್ತಿದ್ದ ಮಕ್ಕಳ ಕುರಿತು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಪ್ರಕಟಿಸಿತು. ಆ ಕಸುಬಿನಲ್ಲಿ ದುಡಿಯುವವರಲ್ಲೂ ದುಡಿಸುವವರಲ್ಲೂ ನಮ್ಮವರಿದ್ದಾರೆಂಬುದನ್ನು ನಾವು ಬಲ್ಲೆವು. ಇಸ್ಲಾಂ ಗುಲಾಮ ವಿಮೋಚನೆಯನ್ನು ಕಡಿದಾದ ಏರುದಾರಿ ಎಂದು ಕರೆದು ಪುಣ್ಯಗಳ ಮುಂಚೂಣಿಯಲ್ಲಿಟ್ಟಿತು ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದು ನಿಜ. ಟ್ಯುನೀಸಿಯದ ಅಹ್ಮದ್ ಬೇ ಅಮೆರಿಕಕ್ಕಿಂತ ಮೊದಲೇ, 1846ರಲ್ಲಿ, ಗುಲಾಮಗಿರಿಯನ್ನು ರದ್ದುಗೊಳಿಸಿದರು. ಹಿಂದೂ ಮಹಾಸಾಗರದಲ್ಲಿ ಆಫ್ರಿಕದವರನ್ನು ಮಾರಿದವರಲ್ಲಿ ಮುಸ್ಲಿಂ ವರ್ತಕರೂ ಇದ್ದರು, ಮಾರಿತಾನಿಯ ಅದನ್ನು ನಿಷೇಧಿಸಲು 1981ರವರೆಗೆ ಕಾಯಿತು ಎಂಬುದೂ ಅಷ್ಟೇ ನಿಜ.

ಹಬ್ಬದ ನಂತರ ಆ ಹುಡುಗಿಯನ್ನು ಊರಿಗೆ ಕಳುಹಿಸಿದರು. ನಾನು ಬಂಧುಗಳೊಂದಿಗೆ ಜಗಳವಾಡಬೇಕಾಯಿತು. ಮಕ್ಕಳ ಸಹಾಯವಾಣಿ 1098ರ ಹೆಸರೆತ್ತಿದ ಮೇಲೆಯೇ ಮಾತು ಮುಂದುವರಿದದ್ದು. "ಹಾಗಾದರೆ ನಮ್ಮ ನಲವತ್ತು ಸಾವಿರ ಯಾರು ಕೊಡುತ್ತಾರೆ?" ಎಂದು ಕೇಳಿದರು. ಒಡೆಯರಿಗೆ 300 ಡಾಲರ್ ಕೊಟ್ಟವರ ಪ್ರಶ್ನೆಯೂ ಅದೇ ಆಗಿತ್ತು. ನಾನು ಗೆದ್ದೆನೆಂದುಕೊಂಡೆ. ಎರಡು ತಿಂಗಳಲ್ಲಿ ಸುದ್ದಿ ಬಂತು: ತಂದೆಯ ಔಷಧಿಗೆ ಹಣವಿಲ್ಲದೆ ಅವಳ ಅಣ್ಣ ಹೊಸ ಮುಂಗಡ ಪಡೆದು ಹೆಂಡತಿಯೊಂದಿಗೆ ಕೆ.ಆರ್. ಪುರದಾಚೆಯ ಇಟ್ಟಿಗೆ ಗೂಡಿಗೆ ಬಂದಿದ್ದಾನೆ. ಈ ಸಲ ಅರವತ್ತು ಸಾವಿರ.

ಐದನೆಯ ಬಾಬಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಹನಫೀ ವಿದ್ವಾಂಸರು ಆ ಬಾಬನ್ನು ಮುಖ್ಯವಾಗಿ ಮುಕಾತಬ್‌ಗೆ, ಎಂದರೆ ಕಂತುಗಳಲ್ಲಿ ಹಣ ಕೊಟ್ಟು ಬಿಡುಗಡೆ ಹೊಂದುವ ಒಪ್ಪಂದ ಮಾಡಿಕೊಂಡ ಗುಲಾಮನಿಗೆ ಅನ್ವಯಿಸಿದ್ದಾರೆ. ಮುಂಗಡದ ಕೂಲಿಯವನು ಅವನಿಗೆ ಎಷ್ಟು ಹತ್ತಿರ! ಜೀತದವನು ಶಾಸ್ತ್ರದ ಅರ್ಥದಲ್ಲಿ ಗುಲಾಮನಲ್ಲ ಎನ್ನುವವರಿದ್ದರೆ ನಾನು ತರ್ಕಕ್ಕೆ ನಿಲ್ಲುವುದಿಲ್ಲ. ಆರನೆಯ ಬಾಬು ಸಾಲದಲ್ಲಿ ಮುಳುಗಿದವರದು, ಅದರ ಬಗ್ಗೆ ತಕರಾರಿಲ್ಲ. ಝಕಾತಿಗೆ ಅರ್ಹನಾದ ಸಾಲಗಾರನ ಕೈಗೇ ಹಣ ತಲುಪಿದರೆ ಒಡೆತನ ವರ್ಗಾವಣೆಯ ಶರತ್ತೂ ಪೂರೈಸುತ್ತದೆ. ಆದರೆ ಹಣ ಮಾಲೀಕನಿಗೆ ಹೋಗಕೂಡದು. 1976ರ ಕಾಯಿದೆಯಂತೆ ಜೀತದ ಸಾಲ ಸಂಪೂರ್ಣ ರದ್ದಾಗಿದೆ. ಅದನ್ನು ವಸೂಲು ಮಾಡುವುದು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಮಾಲೀಕನಿಗೆ ಕೊಟ್ಟ ಝಕಾತ್ ಅವನ ಮುಂದಿನ ಮುಂಗಡಕ್ಕೆ ಬಂಡವಾಳವಾಗುತ್ತದೆ.

ಹಣ ಬೇಕಾಗಿರುವುದು ಬಿಡುಗಡೆಯ ಮರುದಿನಕ್ಕೆ. ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪತ್ರ ಸಿಗಬೇಕು. ತಕ್ಷಣದ ನೆರವೆಂದು ಸರಕಾರ 30,000 ರೂಪಾಯಿಯವರೆಗೆ ಕೊಡಬಹುದು. ಒಂದರಿಂದ ಮೂರು ಲಕ್ಷದವರೆಗಿನ ಪೂರ್ಣ ಪುನರ್ವಸತಿ ಮೊತ್ತ ಮಾಲೀಕನಿಗೆ ಶಿಕ್ಷೆಯಾಗುವುದರೊಂದಿಗೆ ತಳುಕು ಹಾಕಿಕೊಂಡಿರುವುದರಿಂದ ವರ್ಷಗಟ್ಟಲೆ ತಡವಾಗುತ್ತದೆ. ಆ ವರ್ಷಗಳ ಬಾಡಿಗೆ, ಔಷಧಿ, ಒಂದು ಹೊಲಿಗೆ ಯಂತ್ರ ಅಥವಾ ತಳ್ಳುಗಾಡಿ, ಮಕ್ಕಳ ಶಾಲೆ ಇವೇ ನಮ್ಮ ಪಾಲಿನ ನಲವತ್ತು ಎಕರೆ. ಶಿವಾಜಿನಗರ, ಹಲಸೂರಿನ ಮಸೀದಿ ಸಮಿತಿಗಳು ರಮಝಾನಿನಲ್ಲಿ ಹಂಚುವ ಪಡಿತರ ಕಿಟ್ಟುಗಳನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಸಂಗ್ರಹದ ಒಂದು ಪಾಲನ್ನು ಈ ಎರಡು ಬಾಬುಗಳಿಗೆಂದು ಬೇರೆಯಿಡಲಿ, ವರ್ಷಕ್ಕೆ ಐದೇ ಕುಟುಂಬಗಳಾದರೂ ಸರಿ, ಮುಂಗಡವಿಲ್ಲದೆ ಎರಡು ವರ್ಷ ಬದುಕುವಂತೆ ಜೊತೆಗೆ ನಿಲ್ಲಲಿ. ಝಕಾತ್ ಮುಸ್ಲಿಮರಿಗಷ್ಟೇ ಎನ್ನುವುದಾದರೆ ಉಳಿದವರಿಗೆ ಸದಕಃ ಇದ್ದೇ ಇದೆ. ಇಟ್ಟಿಗೆ ಗೂಡಿನಲ್ಲಿ ಬೇಯುವವರನ್ನು ಧರ್ಮ ಕೇಳಿ ಆರಿಸುವ ಕೆಲಸವನ್ನಂತೂ ನಾನು ಮಾಡಲಾರೆ.

ಆ ಅಣ್ಣನ ಅರ್ಜಿ ಈಗ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿದೆ. ಎರಡು ಸಲ ದಿನಾಂಕ ಮುಂದಕ್ಕೆ ಹೋಗಿದೆ, ಮೂರನೆಯದು ಬರುವ ಮಂಗಳವಾರ. ನಮ್ಮ ಮನೆಯ ಈ ವರ್ಷದ ಝಕಾತಿನಲ್ಲಿ ಅವರ ಆರು ತಿಂಗಳ ಬಾಡಿಗೆಯನ್ನು ತೆಗೆದಿಟ್ಟಿದ್ದೇವೆ. ತಂಗಿ ಊರಿನ ಶಾಲೆಯಲ್ಲಿ ಆರನೆಯ ತರಗತಿಗೆ ಸೇರಿದ್ದಾಳೆ. ಅವಳ ಸಹಪಾಠಿಗಳು ಅವಳಿಗಿಂತ ಎರಡು ವರ್ಷ ಚಿಕ್ಕವರು.