ಎದೆ ಊದಿಕೊಂಡರೆ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ಹೇಳಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಿರಿಯರಲ್ಲಿ, ಅವರ ಮನೆಯವರಲ್ಲಿ ಒಂದು ಮನವಿ. ವಿಷಯ ಮುಜುಗರದ್ದು. ಅರಳಿಕಟ್ಟೆಯ ಮೇಲೆ ಗಂಡಸರು ಎಲ್ಲವನ್ನೂ ಆಡುತ್ತಾರೆ, ಇದೊಂದನ್ನು ಮಾತ್ರ ಆಡುವುದಿಲ್ಲ.

‘ಹಾರ್ಟ್ ವೀಕಾಗಿದೆ, ಪಂಪಿಂಗ್ ಕಮ್ಮಿ’ ಅನ್ನಿಸಿಕೊಂಡು ಬಂದವರ ಚೀಟಿಯಲ್ಲಿ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಅನೇಕ ವೇಳೆ ಇರುತ್ತದೆ. ಆಲ್ಡಾಕ್ಟೋನ್ ಅಂದರೂ ಅದೇ. ನೀರು ಹೋಗುವ ಮಾತ್ರೆಯ ಜೊತೆ ಬೆರೆತು ಲಾಸಿಲ್ಯಾಕ್ಟೋನ್ ಅಂತಲೂ ಬರುತ್ತದೆ. ಜೀವ ಉಳಿಸುವ ಮಾತ್ರೆ. ಹೃದಯ ತೀರಾ ಸೋತವರಲ್ಲಿ ಇದು ಸಾವನ್ನು ಶೇ 30ರಷ್ಟು ತಗ್ಗಿಸಿದ್ದನ್ನು 1999ರ ರೇಲ್ಸ್ ಅಧ್ಯಯನ ತೋರಿಸಿತು. ಆದರೆ ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಕೆಲಸಕ್ಕೂ ಇದು ಅಡ್ಡ ಬರುತ್ತದೆ. ಅದೇ ಅಧ್ಯಯನದಲ್ಲಿ ಇದನ್ನು ನುಂಗಿದ ಗಂಡಸರಲ್ಲಿ ಹತ್ತಕ್ಕೊಬ್ಬರಿಗೆ ಎದೆ ಊದಿಕೊಂಡಿತು, ಇಲ್ಲವೇ ನೋವು ಬಂತು.

ತೊಟ್ಟಿನ ಅಡಿಯಲ್ಲಿ ಗಂಟು ಕಟ್ಟಿದ ಹಾಗೆ, ಬನಿಯನ್ ತಾಗಿದರೂ ಚುರುಕ್ಕೆನ್ನುವ ನೋವು. ಹೆಗಲ ಮೇಲಿನ ಟವೆಲು ಎದೆಗೆ ಇಳಿಯುತ್ತದೆ. ಅಂಗಿ ಬಿಚ್ಚಿ ಜಗಲಿಯಲ್ಲಿ ಕೂರುತ್ತಿದ್ದವರು ಸೆಕೆಯಲ್ಲೂ ಗುಂಡಿ ಬಿಚ್ಚುವುದಿಲ್ಲ. ಹೆಂಡತಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಆಮೇಲೆ ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಮಂಚದ ಮೇಲೆ ಕೂತೇ ಬೆಳಗು ಮಾಡಬೇಕಾಗುತ್ತದೆ. ಎಪ್ಲೆರಿನೋನ್ ಎಂಬ ಬದಲಿ ಮಾತ್ರೆ ಇದೆ, ಅದರಲ್ಲಿ ಈ ಕಾಟ ಬಹಳ ಕಡಿಮೆ. ಆದರೆ ಬದಲಿಸಬೇಕಾದವರಿಗೆ ತೊಂದರೆಯೇ ಗೊತ್ತಾಗದಿದ್ದರೆ ಹೇಗೆ ಬದಲಿಸಿಯಾರು?

ಇನ್ನೊಂದು ಮಾತು. ವಯಸ್ಸಾದಂತೆ ಟೆಸ್ಟೋಸ್ಟಿರಾನ್ ಇಳಿಯುವುದು ಸಹಜ. ಹೃದಯ ಸೋತವರಲ್ಲಿ ಅನೇಕರಿಗೆ ಇನ್ನೂ ಇಳಿದಿರುತ್ತದೆ. ತೊಡೆ ಸೊರಗುತ್ತದೆ, ಮೆಟ್ಟಿಲು ಹತ್ತಲು ಸುಸ್ತು, ಹೆಂಡತಿಯ ಹತ್ತಿರ ಹೋಗಲು ಹಿಂಜರಿಕೆ. ಪೋಲೆಂಡಿನ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 501 ಗಂಡಸರ ರಕ್ತದಲ್ಲಿ ಈಸ್ಟ್ರಡಯಾಲ್ ಅಳೆದರು. ಹೆಣ್ಣು ಹಾರ್ಮೋನು ಅಂತ ಹೆಸರಾದರೂ ಗಂಡಸರ ಮೈಯಲ್ಲೂ ಇರುವಂಥದ್ದು. ಅದು ತೀರಾ ಕಡಿಮೆ ಇದ್ದವರಲ್ಲೂ ತೀರಾ ಹೆಚ್ಚಿದ್ದವರಲ್ಲೂ ಸಾವು ಹೆಚ್ಚಾಗಿತ್ತು. ಹಾರ್ಮೋನು ತುಂಬಿಸಿದರೆ ಹೃದಯ ಗಟ್ಟಿಯಾಗುತ್ತದೆ ಅನ್ನುವಷ್ಟು ಸಲೀಸಲ್ಲ ಈ ಲೆಕ್ಕ. 5,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಹೊರಬಂದ ಟ್ರಾವರ್ಸ್ ಅಧ್ಯಯನದಲ್ಲಿ ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿಕೊಂಡವರಿಗೆ ಹೃದಯಾಘಾತವೇನೂ ಹೆಚ್ಚಲಿಲ್ಲ, ಆದರೆ ಹೃದಯ ಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿತು. ಹೃದಯ ವೈಫಲ್ಯ ಹತೋಟಿಯಲ್ಲಿಲ್ಲದವರಿಗೆ ಇದು ಬೇಡವೆಂದೇ ಹಾರ್ಮೋನ್ ತಜ್ಞರ ಸಲಹೆ. ‘ಶಕ್ತಿ ಇಂಜೆಕ್ಷನ್’ ಎಂದು ಯಾರಾದರೂ ಚುಚ್ಚಲು ಬಂದರೆ ದಯವಿಟ್ಟು ಕೈ ಚಾಚಬೇಡಿ.

ಸಂತೆಯ ಶಕ್ತಿಪುಡಿಯೂ ಹಾಗೆಯೇ. ಸಿದ್ಧರಬೆಟ್ಟದ ಗಿಡಮೂಲಿಕೆಗಳ ಮೇಲೆ ನಮಗೆಲ್ಲ ಗೌರವವಿದೆ, ಇರಲಿ. ಆದರೆ ಬೆಟ್ಟದ ಹೆಸರು ಹೇಳಿ ಕೊಟ್ಟ ಪೊಟ್ಟಣದಲ್ಲಿ ಏನಿದೆ ಅಂತ ಯಾರು ಬಲ್ಲರು? ಇಂಥ ಪುಡಿಗಳಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರದ ಮದ್ದು, ಬೆರೆಸಿದ್ದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರ ಹೊಟ್ಟೆಗೆ ಅದು ಸೇರಿದರೆ ಬಿಪಿ ಏಕಾಏಕಿ ಕುಸಿದು ಜೀವಕ್ಕೇ ಕುತ್ತು.

ಮನೆಯಲ್ಲಿರುವ ಅಮ್ಮಂದಿರೇ, ಮಕ್ಕಳೇ, ಯಜಮಾನರು ತಾವಾಗಿ ಹೇಳುವುದಿಲ್ಲ. ನೀವೇ ಕೇಳಿ. ಮಾತ್ರೆಯ ಪಟ್ಟಿ ತೆಗೆದು ಎಷ್ಟು ಉಳಿದಿದೆ ನೋಡಿ. ಡಾಕ್ಟರು ಹೆಂಗಸಾದರೆ ಕೆಲವರು ಬಾಯಿ ಬಿಡುವುದಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು. ಪಾವಗಡದ ಕಡೆಯವರು ಹಿಂದೂಪುರಕ್ಕೋ ಪುಟ್ಟಪರ್ತಿಗೋ ಹೋಗುವಾಗ ಹಳೆಯ ಚೀಟಿ, ಎಕೋ ರಿಪೋರ್ಟು, ನಾಟಿ ಔಷಧಿಯ ಪೊಟ್ಟಣ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಸ್ಪೈರೊನೊಲ್ಯಾಕ್ಟೋನ್ ನುಂಗುವವರಲ್ಲಿ ಪೊಟ್ಯಾಸಿಯಂ ಏರಬಹುದು. ಅದನ್ನೂ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅನ್ನೂ ಡಾಕ್ಟರು ಹೇಳಿದ ಸಮಯಕ್ಕೆ ರಕ್ತ ಕೊಟ್ಟು ನೋಡಿಸಿ, ಎಳನೀರಿನಲ್ಲೂ ಪೊಟ್ಯಾಸಿಯಂ ಇರುವುದರಿಂದ ಅದನ್ನು ಎಷ್ಟು ಕುಡಿಯಬಹುದು ಅನ್ನುವುದನ್ನೂ ಆಗಲೇ ಕೇಳಿಬಿಡಿ.