ಕತ್ತಿಯ ಭಯದಲ್ಲಿ ಕಳೆದುಹೋಗುವ ತಿಂಗಳುಗಳು

‘ಕತ್ತಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ’ ಎಂಬ ಮಾತು ನಮ್ಮ ಊರುಗಳಲ್ಲಿ ಆಳವಾಗಿ ಬೇರೂರಿದೆ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಆದರೆ ಅದನ್ನು ನಂಬಿ ಕೂತವರು ತೆರುವ ಬೆಲೆ ಮಾತ್ರ ನಿಜವಾದುದು.

ಮಂಡ್ಯದ ಬಳಿಯ ಯಲಿಯೂರಿನಂತಹ ಊರನ್ನೇ ತೆಗೆದುಕೊಳ್ಳೋಣ. ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವಿದೆ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಲ್ಲಿಂದ ಕೆಲವೇ ಗಂಟೆಗಳ ಪ್ರಯಾಣ. ಆದರೆ ಎಲೆ-ಅಡಿಕೆಯನ್ನೋ ಹೊಗೆಸೊಪ್ಪನ್ನೋ ಅದುಮಿಟ್ಟುಕೊಳ್ಳುವ ಕೆನ್ನೆಯ ಒಳಬದಿಯಲ್ಲಿ ಹುಣ್ಣೆದ್ದ ಮನುಷ್ಯ ಆ ದಾರಿಯನ್ನು ಎಷ್ಟು ದಿನಗಳಲ್ಲಿ ಕ್ರಮಿಸುತ್ತಾನೆ? ಮೊದಲು ಮೆಡಿಕಲ್ ಶಾಪಿನ ಮುಲಾಮು, ಆಮೇಲೆ ಅಲುಗಾಡುವ ಹಲ್ಲು ಕೀಳಿಸುವುದು, ಬಳಿಕ ನಾಟಿ ಔಷಧ, ಕೊನೆಗೆ ದೊಡ್ಡಾಸ್ಪತ್ರೆ. ಅಷ್ಟರಲ್ಲಿ ಆರು ತಿಂಗಳು ಉರುಳಿರುತ್ತದೆ.

ಆ ಆರು ತಿಂಗಳಲ್ಲಿ ನಡೆಯುವುದೇನು? ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ ಗೆಡ್ಡೆಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದೊಂದಿಗೆ ತೆಗೆದರೆ ಹಲವರಿಗೆ ಅಷ್ಟೇ ಚಿಕಿತ್ಸೆ ಸಾಕಾಗುತ್ತದೆ. ಇಂಥವರಲ್ಲಿ ಹೆಚ್ಚಿನವರು ಐದು ವರ್ಷಗಳನ್ನು ದಾಟಿ ಬದುಕುತ್ತಾರೆ. ರೋಗ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯಿತೆಂದರೆ ಆ ಸಾಧ್ಯತೆ ಸುಮಾರು ಅರ್ಧಕ್ಕೆ ಕುಸಿಯುತ್ತದೆ. ಆಗ ದವಡೆಯ ಮೂಳೆಯನ್ನೂ ತೆಗೆಯಬೇಕಾಗಬಹುದು, ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಜನರು ‘ಕತ್ತಿಯಿಂದ ಹರಡಿತು’ ಎನ್ನುವುದು, ವಾಸ್ತವದಲ್ಲಿ ಕತ್ತಿ ತಡವಾಗಿ ಬಂದುದರ ಫಲ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಆರಂಭದ ಹಂತದ ರೋಗಿಗಳಲ್ಲಿ ಬಾಯಿಯ ಗೆಡ್ಡೆಯೊಂದಿಗೆ ಕುತ್ತಿಗೆಯ ಗ್ರಂಥಿಗಳನ್ನೂ ಮೊದಲೇ ತೆಗೆಸಿಕೊಂಡವರ ಪೈಕಿ ಮೂರು ವರ್ಷಗಳ ಬಳಿಕ ಶೇ. 80 ಮಂದಿ ಬದುಕಿದ್ದರು. ಗ್ರಂಥಿಗಳಲ್ಲಿ ರೋಗ ಕಾಣಿಸಿಕೊಂಡ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಈ ಪ್ರಮಾಣ ಶೇ. 67.5 ಮಾತ್ರ. ವೈದ್ಯರ ಕಣ್ಗಾವಲಿನಲ್ಲಿ ಕಾದವರ ಪಾಡೇ ಹೀಗಾದರೆ, ಮನೆಯಲ್ಲಿ ಕೂತು ಕಾಯುವವರ ಗತಿಯೇನು?

ಶಸ್ತ್ರಚಿಕಿತ್ಸೆ ಸುಲಭವೆಂದು ಯಾರೂ ಹೇಳಲಾರರು. ಮುಖದ ರೂಪ ಬದಲಾಗಬಹುದು, ಮಾತು ತೊದಲಬಹುದು, ನುಂಗುವುದನ್ನು ಮತ್ತೆ ಕಲಿಯಬೇಕಾಗಬಹುದು. ಇಂದು ಮುಂಗೈಯ ಚರ್ಮದಿಂದ, ಕಾಲಿನ ಮೂಳೆಯಿಂದ ಬಾಯಿ-ದವಡೆಗಳನ್ನು ಮರುರೂಪಿಸುವ ಕೌಶಲ ವೈದ್ಯರಿಗಿದೆ. ಆದರೂ ಎಷ್ಟು ಕಳೆದುಕೊಳ್ಳುತ್ತೇವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನಾವು ಹೋದ ದಿನ.

‘ನಮ್ಮ ಮನೆಯಲ್ಲಿ ಕುಡಿತವಿಲ್ಲ, ಬೀಡಿಯಿಲ್ಲ’ ಎಂದು ನಿಶ್ಚಿಂತರಾಗಿರುವವರು ಮದುವೆಮನೆಯ ತಟ್ಟೆಯತ್ತ ಒಮ್ಮೆ ನೋಡಲಿ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ತನ್ನ ವರದಿಯಲ್ಲಿ ಹೇಳಿದೆ. 2013ರಲ್ಲಿ ಕರ್ನಾಟಕ ಗುಟ್ಕಾವನ್ನು ನಿಷೇಧಿಸಿತು, ನಿಜ. ಆದರೆ ಅಜ್ಜಿಯ ಎಲೆಯಡಿಕೆ ಸಂಚಿಯನ್ನು ಯಾವ ಕಾನೂನು ಮುಟ್ಟೀತು? ನಾಚಿಕೆಯಿಂದ ಬಾಯಿ ತೋರಿಸದ ತಾಯಂದಿರ ಹುಣ್ಣನ್ನು ಮನೆಯವರೇ ಕೇಳಿ ತಿಳಿಯಬೇಕು.

ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹೋಗದಷ್ಟು ಬಿಗಿದ ಬಾಯಿ, ಕುತ್ತಿಗೆಯ ಗಂಟು – ಇವುಗಳಲ್ಲಿ ಒಂದು ಕಂಡರೂ ಹಲ್ಲಿನ ವೈದ್ಯರಿಗೋ ಸರಕಾರಿ ಆಸ್ಪತ್ರೆಗೋ ತೋರಿಸಬೇಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದ ಫಲವಾಗಿ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಈ ರೋಗದ ಸಾವು ಸುಮಾರು ಮೂರನೇ ಒಂದರಷ್ಟು ಇಳಿದುದು 2005ರಲ್ಲಿ ವರದಿಯಾಯಿತು. ಅದಕ್ಕೆ ಬೇಕಾದದ್ದು ಕಣ್ಣು ಮತ್ತು ಬೆಳಕು, ದುಬಾರಿ ಯಂತ್ರವಲ್ಲ.

ಹಣದ ಚಿಂತೆ ಸಹಜ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆದರೆ ಜೊತೆಗೆ ಹೋಗುವವರ ದಿನಗೂಲಿ, ಊಟ, ವಸತಿಯ ಖರ್ಚನ್ನು ಯೋಜನೆ ಕೊಡುವುದಿಲ್ಲ. ಅನೇಕ ಕುಟುಂಬಗಳು ಅರ್ಧದಾರಿಯಲ್ಲಿ ಮರಳುವುದು ಈ ಸಣ್ಣ ಖರ್ಚಿಗೇ. ಮದುವೆಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಮೊಹಲ್ಲಾಗಳು ಒಬ್ಬ ರೋಗಿಯನ್ನು ರೈಲು ಹತ್ತಿಸುವಷ್ಟು ನಿಧಿಯನ್ನು ಕೂಡಿಸಲಾರವೇ?