ಬೀಜ ಕೊಟ್ಟವರು ನೀರು ಕೊಡಬೇಡವೇ?

ಅಮೆರಿಕ ಅಂದರೆ ನಮಗೆ ದೊಡ್ಡ ದೊಡ್ಡ ಯಂತ್ರ, ಕಣ್ಣು ಹಾಯುವಷ್ಟು ದೂರ ಗೋಧಿ ಹೊಲ ನೆನಪಾಗ್ತದೆ. ಅದೇ ದೇಶದ ಅರಿಝೋನಾ ರಾಜ್ಯದಲ್ಲಿ ಗಾಡಿಗೆ ಡ್ರಮ್ಮು ಹೇರಿಕೊಂಡು ಮೈಲಿಗಟ್ಟಲೆ ಹೋಗಿ ಕುಡಿಯುವ ನೀರು ತರುವವರೂ ಇದ್ದಾರೆ. ಅವರು ನವಾಹೊ ಜನ, ಆ ನೆಲದ ಮೂಲ ನಿವಾಸಿಗಳು. ಅವರ ನಾಡಿನಲ್ಲಿ ಕಯೆಂಟಾ ಅಂತ ಒಂದು ಊರು. ಜನ ಐದು ಸಾವಿರದ ಆಸುಪಾಸು, ಮಳೆ ವರ್ಷಕ್ಕೆ ಹತ್ತು ಇಂಚೂ ಇಲ್ಲ. ಕುರಿ, ಮೆಕ್ಕೆಜೋಳ, ಕುಂಬಳ, ಕಂಬಳಿ ನೇಯ್ಗೆ ಇವೇ ಅವರ ಹಳೆಯ ಬದುಕು.

1864ರಲ್ಲಿ ಸರ್ಕಾರದ ಸೈನ್ಯ ಈ ಜನರನ್ನು ನೆಲ ಬಿಡಿಸಿ ನೂರಾರು ಮೈಲಿ ನಡೆಸಿಕೊಂಡು ಹೋಯಿತು. 1868ರಲ್ಲಿ ಒಪ್ಪಂದ ಮಾಡಿ ವಾಪಸು ಬಿಟ್ಟರು. ಬೇಸಾಯ ಮಾಡುವ ಕುಟುಂಬಕ್ಕೆ ಬೀಜ, ಸಲಕರಣೆ, ಒಟ್ಟು ಜನಕ್ಕೆ 15,000 ಕುರಿ-ಮೇಕೆ ಅಂತ ಒಪ್ಪಂದದಲ್ಲೇ ಬರೆದಿತ್ತು. ಕುರಿ ಬೆಳೆದವು. 1930ರ ದಶಕದಲ್ಲಿ ಅದೇ ಸರ್ಕಾರ, ಕುರಿ ಹೆಚ್ಚಾಗಿ ಮಣ್ಣು ಕೊಚ್ಚಿಹೋಗ್ತಿದೆ, ಕೊಲೊರಾಡೊ ನದಿಯ ಹೊಸ ಅಣೆಕಟ್ಟೆಗೆ ಹೂಳು ತುಂಬ್ತದೆ ಅಂತ ಹಿಂಡುಗಳನ್ನು ಕಡಿಮೆ ಮಾಡಿಸಿತು. ಕೆಲವು ಕಡೆ ಸಾಗಿಸಲಾಗದೆ ಅಲ್ಲೇ ಗುಂಡಿಟ್ಟು ಕೊಂದರು. ಅಲ್ಲಿ ಹಿಂಡು ಹೆಚ್ಚಾಗಿ ಹೆಂಗಸರ ಆಸ್ತಿ. ಮೇವು ಸವೆದದ್ದು ನಿಜವೇ ಇರಲಿ. ಕುರಿ ಕಳಕೊಂಡವಳು ನಾಳೆ ಏನು ಉಣ್ಣಬೇಕು ಅಂತ ಯೋಚಿಸದೆ ಮಾಡಿದ ಕೆಲಸವನ್ನು ಮಣ್ಣಿನ ರಕ್ಷಣೆ ಅನ್ನಲು ನನಗೆ ಬಾಯಿ ಬರೋದಿಲ್ಲ.

ಆಮೇಲೆ ಬಂತು ಕಲ್ಲಿದ್ದಲು. ಕಯೆಂಟಾ ಹತ್ತಿರದ ಬ್ಲ್ಯಾಕ್ ಮೇಸಾ ಗುಡ್ಡದಲ್ಲಿ ಗಣಿ ತೆರೆದರು. ಅಲ್ಲಿನ ಒಂದು ಪಾಲು ಕಲ್ಲಿದ್ದಲನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಗಂಜಿಯ ಹಾಗೆ ಪೈಪಿನೊಳಗೆ 440 ಕಿಲೋಮೀಟರ್ ದೂರದ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ಹರಿಸಿದರು. ಆ ನೀರು ಎಲ್ಲಿಂದ? ಮರುಭೂಮಿಯ ಅಡಿಯ ಮರಳುಗಲ್ಲಿನ ಪದರದಿಂದ. ಜನ ಕುಡಿಯುವುದೂ ಅದನ್ನೇ. ದಿನಕ್ಕೆ ಒಂದು ಕೋಟಿ ಲೀಟರಿಗೂ ಮೇಲೆ, 1970ರಿಂದ 2005ರ ಕೊನೆಯವರೆಗೆ! ಒಂದು ಟ್ಯಾಂಕರಿಗೆ ದಿನಗಟ್ಟಲೆ ಕಾದವರಿಗೆ ಈ ಲೆಕ್ಕ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಪಾಲು ಕಲ್ಲಿದ್ದಲು ಪೇಜ್ ಎಂಬಲ್ಲಿನ ಸ್ಥಾವರಕ್ಕೆ ಹೋಯಿತು. ಆ ಕರೆಂಟಿನಿಂದ ಪಂಪು ಓಡಿಸಿ ಕೊಲೊರಾಡೊ ನದಿಯ ನೀರನ್ನು ಫೀನಿಕ್ಸ್, ಟಕ್ಸನ್ ನಗರಗಳ ಕಡೆ ಎತ್ತಿದರು. ನವಾಹೊ ನಾಡಿನ ಸಾವಿರಾರು ಮನೆಗಳಲ್ಲಿ ಮಾತ್ರ ದೀಪವೇ ಇರಲಿಲ್ಲ.

ಸಂಬಳ ಸಿಕ್ಕಿತು, ಅಲ್ಲಗಳೆಯುವ ಹಾಗಿಲ್ಲ. ಒಳ್ಳೆಯ ಸಂಬಳವೇ. ನವಾಹೊ, ಹೋಪಿ ಎರಡೂ ಜನಾಂಗಗಳ ಆಡಳಿತಕ್ಕೆ ರಾಜಧನವೂ ಬಂತು. 2019ರಲ್ಲಿ ಪೇಜ್ ಸ್ಥಾವರವೂ ಗಣಿಯೂ ಮುಚ್ಚಿದವು. ಸಂಬಳ ನಿಂತಿತು. ಹತ್ತರಲ್ಲಿ ಸುಮಾರು ಮೂರು ಮನೆಗೆ ನಲ್ಲಿಯಿಲ್ಲದ್ದು ಹಾಗೇ ಉಳಿಯಿತು. ಇದನ್ನು ಅಭಿವೃದ್ಧಿ ಅನ್ನುವವರು ಯಾರ ಅಭಿವೃದ್ಧಿ ಅಂತಲೂ ಹೇಳಲಿ.

ಸ್ವಂತ ಅಂಗಡಿ ಇಡೋಣ ಅಂದರೆ ಅದೂ ಸುಲಭವಲ್ಲ. ಭೂಮಿ ಹೆಚ್ಚಿನದು ಕೇಂದ್ರ ಸರ್ಕಾರದ ಟ್ರಸ್ಟಿನಲ್ಲಿದೆ, ಒಬ್ಬೊಬ್ಬರ ಹೆಸರಿಗೆ ಪಹಣಿ ಇಲ್ಲ. ಬ್ಯಾಂಕಿಗೆ ಅಡವಿಡಲು ಆಗದು. ಗುತ್ತಿಗೆ ಕಾಗದಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. (ಹಾಗಿದ್ದದ್ದರಿಂದಲೇ ನೆಲ ಹೊರಗಿನವರ ಕೈಗೆ ಹೋಗಲಿಲ್ಲ ಅನ್ನುವುದೂ ಸರಿಯೇ.) ಕಯೆಂಟಾದವರು ಮಾತ್ರ ಟೌನ್‌ಶಿಪ್ ಮಾಡಿಕೊಂಡು, ಊರಿನ ವ್ಯಾಪಾರದ ಮೇಲೆ ತಾವೇ ತೆರಿಗೆ ಎತ್ತಿ ಊರಿಗೇ ಖರ್ಚು ಮಾಡುವ ಅಧಿಕಾರ ಪಡೆದರು. 2017ರಲ್ಲಿ ಊರ ಬಳಿ ಸೌರ ವಿದ್ಯುತ್ ಘಟಕವೂ ಶುರುವಾಯಿತು. ಅದರ ಒಡೆತನ ನವಾಹೊಗಳ ಸ್ವಂತ ವಿದ್ಯುತ್ ಸಂಸ್ಥೆಯದು. ನನಗೆ ಹಿಡಿಸಿದ್ದು ಇದು. ಗಂಜಿ ಹರಿಸಲು ನೀರೂ ಬೇಡ, ಗುಡ್ಡ ಅಗೆಯುವುದೂ ಬೇಡ.

ಆದರೆ ಮೂಲ ನ್ಯಾಯ ಆಗಿಲ್ಲ. ನಮ್ಮ ನೀರಿನ ಹಕ್ಕನ್ನು ಗೊತ್ತುಮಾಡಿ ಕೊಡಿಸುವುದು ಸರ್ಕಾರದ ಹೊಣೆ ಅಂತ ನವಾಹೊಗಳು ಕೋರ್ಟಿಗೆ ಹೋದರು. 1868ರ ಒಪ್ಪಂದದಲ್ಲಿ ಅಂಥ ಹೊಣೆ ಇಲ್ಲ ಅಂತ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಐವರು ಆ ಕಡೆ, ನಾಲ್ವರು ಈ ಕಡೆ. ನಾನು ಏಳನೇ ಕ್ಲಾಸು ಓದಿದವನು, ಕಾನೂನು ತಿಳಿಯದು. ಆದರೆ ಬಿತ್ತು ಅಂತ ಬೀಜ ಕೈಗೆ ಕೊಟ್ಟವನು ನೀರಿನ ಮಾತು ನಾನು ಆಡೇ ಇಲ್ಲ ಅಂದರೆ ಯಾವ ರೈತ ಒಪ್ತಾನೆ?

2024ರಲ್ಲಿ ನವಾಹೊ, ಹೋಪಿ ಮತ್ತು ಪಕ್ಕದ ಪೈಯುಟ್ ಜನ ಸೇರಿ ನೀರು ಹಂಚಿಕೆಯ ಒಪ್ಪಂದವೊಂದಕ್ಕೆ ಸಮ್ಮತಿ ಕೊಟ್ಟರು. ಪೈಪು ಹಾಕುವ ದುಡ್ಡೂ ಅದರಲ್ಲಿ ಸೇರಿದೆ. ಅದು ಜಾರಿಗೆ ಬರಬೇಕಾದರೆ ಅಮೆರಿಕದ ಸಂಸತ್ತು ಒಪ್ಪಿ ಹಣ ಬಿಡಬೇಕು ಅಂತ ಇಟ್ಟಿದ್ದಾರೆ.